ಹಡಗು ನಿಲ್ಲುವಲ್ಲಿ ಒಂದು ಊರಿತ್ತು

ಪಣಂಬೂರು ಬೀಚಿಗೆ ಹೋಗಿ ಎರಡು ದಿನ ಹಾಯಾಗಿ ಇದ್ದು ಬರುತ್ತೇವೆ ಎಂದು ಯಾರಾದರೂ ಹೇಳಿದರೆ, ಖಂಡಿತ ಹೋಗಿ ಬನ್ನಿ ಎಂದೇ ನಾನು ಹೇಳುವುದು. ಗಾಳಿ ಒಳ್ಳೆಯದುಂಟು, ಚರುಮುರಿ ಸಿಗುತ್ತದೆ, ಮಕ್ಕಳು ನೀರಿನಲ್ಲಿ ತುಸು ಮುಂದೆ ಹೋದರೆ ಸೀಟಿ ಊದಿ ಕರೆಯುವ ಜೀವರಕ್ಷಕರಿದ್ದಾರೆ. ನನ್ನ ತಕರಾರು ಒಂದೇ. ಆಳಕ್ಕೆ ಇಳಿಯಬೇಡಿ, ಕಸ ಹಾಕಬೇಡಿ, ಗಾಡಿ ಇಲ್ಲಿ ನಿಲ್ಲಿಸಿ ಎಂದೆಲ್ಲ ಹೇಳುವ ಬೋರ್ಡುಗಳ ನಡುವೆ ಇಲ್ಲೇ ಪಕ್ಕದಲ್ಲಿ ಒಂದು ಊರಿತ್ತು ಎಂದು ಹೇಳುವ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇದನ್ನು ನಾನು ಬರೆಯುತ್ತಿರುವುದು ಕಡಲಿನಿಂದ ಬಹಳ ದೂರದ ಪಸ್ತಾಪುರದಲ್ಲಿ ಕೂತು. ತೆಲಂಗಾಣದ ಜಹೀರಾಬಾದ್ ಪೇಟೆಯ ಅಂಚಿನ ಊರಿದು, ಬೀದರ್ ಇಲ್ಲಿಂದ ಹತ್ತಿರ. ಕದ್ರಿಯ ಕೆಪಿಟಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ನಾಲ್ಕು ಕಡೆ ಅಲೆದು, ಈಗ ಕೆಲವು ವರ್ಷಗಳಿಂದ ಇಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ. ನೆರೆಯವರು ತೆಲುಗು ಮಾತಾಡುತ್ತಾರೆ, ಅಂಗಡಿಯವರು ದಖನಿ, ಬೀದರ್ ಕಡೆಯಿಂದ ಬರುವವರು ಕನ್ನಡ. ಬ್ಯಾರಿ ಭಾಷೆ ಬೇಕಾದರೆ ನಾನು ಫೋನ್ ಮಾಡಬೇಕು. ಆದರೆ ಇಲ್ಲಿನ ಮಣ್ಣು ನೋಡಿದರೆ ಮಾತ್ರ ಪರಕೀಯ ಅನಿಸುವುದಿಲ್ಲ. ನಮ್ಮಲ್ಲಿ ಮನೆ ಕಟ್ಟುವ ಅದೇ ಕೆಂಪು ಮುರಕಲ್ಲು ಇಲ್ಲೂ ಉಂಟು.

ಕಳೆದ ಡಿಸೆಂಬರಿನಲ್ಲಿ ಕಾರ್ಖಾನೆಯ ಇಬ್ಬರು ಗೆಳೆಯರು ಕುಟುಂಬ ಸಮೇತ ಕಡಲು ನೋಡಬೇಕೆಂದರು. ಅವರಲ್ಲಿ ಒಬ್ಬರಿಗೆ ನಲವತ್ತು ದಾಟಿದೆ, ಒಮ್ಮೆಯೂ ಕಡಲು ನೋಡಿದವರಲ್ಲ. ನಾನೇ ಮಂಗಳೂರಿಗೆ ಕರೆದುಕೊಂಡು ಬಂದೆ. ಮೂರು ದಿನ ಮಾಡಿದ್ದು ಏನೂ ಇಲ್ಲ. ಬೆಳಿಗ್ಗೆ ಬೀಚು, ಮಧ್ಯಾಹ್ನ ಬಂಗುಡೆ ಊಟ, ನಿದ್ದೆ, ಸಂಜೆ ಪುನಃ ಬೀಚು. ಆ ಗೆಳೆಯರು ಪ್ಯಾಂಟು ಮೊಣಕಾಲಿಗೆ ಮಡಚಿ, ಒಂದು ಗಂಟೆ ಮಾತಿಲ್ಲದೆ ಮರಳಿನಲ್ಲಿ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, ನಿಮ್ಮ ತಂದೆಯ ಊರು ಇದೇ ಅಂದಿರಲ್ಲ, ಎಲ್ಲಿದೆ ಅದು?

ನಾನು ಕೈ ತೋರಿಸಿದೆ. ಅಲ್ಲಿ ತಡೆಗೋಡೆಯ ಕಲ್ಲುಗಳು, ಅದರಾಚೆ ಕ್ರೇನುಗಳು, ಒಂದು ದೊಡ್ಡ ಹಡಗು. ಅವರು ಹಡಗನ್ನು ನೋಡಿದರು, ನನ್ನನ್ನು ನೋಡಿದರು. ತಮಾಷೆ ಎಂದುಕೊಂಡರೋ ಏನೋ.

ತಮಾಷೆ ಅಲ್ಲ. ನವಮಂಗಳೂರು ಬಂದರು ಕಡಲಿನೊಳಗೆ ಕಟ್ಟಿದ ಬಂದರಲ್ಲ. ನೆಲವನ್ನು ಅಗೆದು, ಹೂಳೆತ್ತಿ, ಕಡಲಿನಿಂದ ಒಳಕ್ಕೆ ಕಾಲುವೆ ಮಾಡಿ ನೀರು ತಂದ ಲಗೂನ್ ಮಾದರಿಯ ಬಂದರು. ಹೊಳೆಯ ಬಾಯಿಯಲ್ಲಿದ್ದ ಮಂಗಳೂರಿನ ಹಳೆ ಬಂದರಿಗೆ ದೊಡ್ಡ ಹಡಗು ಬರುವ ಹಾಗಿರಲಿಲ್ಲ, ಮಳೆಗಾಲದಲ್ಲಿ ಸಣ್ಣದಕ್ಕೂ ಕಷ್ಟ. ಹಾಗಾಗಿ 1960ರ ದಶಕದಲ್ಲಿ ಪಣಂಬೂರನ್ನು ಆರಿಸಿ ಕೆಲಸ ಶುರು ಮಾಡಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಮಹಾ ಬಂದರು ಎಂದು ಘೋಷಣೆಯಾಯಿತು, 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಈ ತಾರೀಕುಗಳು ನಿಮಗೆ ಎಲ್ಲಿ ಬೇಕಾದರೂ ಸಿಗುತ್ತವೆ. ಅದಕ್ಕೂ ಮೊದಲು ಪಣಂಬೂರು, ಬೈಕಂಪಾಡಿ ಕಡೆಯಿಂದ ಸಾಮಾನು ಕಟ್ಟಿಕೊಂಡು ಕಾಟಿಪಳ್ಳದ ಗುಡ್ಡ ಹತ್ತಿದವರು ಯಾವ ಮನೆಯಿಂದ ಹೊರಟರು, ಆ ಮನೆಗೆ ಏನೆಂದು ಕರೆಯುತ್ತಿದ್ದರು ಎಂದು ಹುಡುಕಿ ನೋಡಿ. ಅದಕ್ಕೆ ನೀವು ಒಬ್ಬ ಮುದುಕರನ್ನೇ ಹುಡುಕಬೇಕು.

ನನ್ನ ಉಪ್ಪ ಅಂಥವರಲ್ಲಿ ಒಬ್ಬರು. ಊರು ಬಿಡುವಾಗ ಅವರಿಗೆ ಹನ್ನೊಂದೋ ಹನ್ನೆರಡೋ. ಕಾಟಿಪಳ್ಳ, ಕೃಷ್ಣಾಪುರಗಳನ್ನು ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಜಾಗಗಳಿಗೆ ಹೆಸರಿಗಿಂತ ಮೊದಲು ನಂಬರು. ಎರಡನೇ ಬ್ಲಾಕ್, ಮೂರನೇ ಬ್ಲಾಕ್, ಏಳನೇ ಬ್ಲಾಕ್. ಮದುವೆ ಕಾಗದದಲ್ಲೂ ಬ್ಲಾಕ್, ಮರಣದ ಸುದ್ದಿಯಲ್ಲೂ ಬ್ಲಾಕ್. ಹೊರಗಿನವರಿಗೆ ಇದೇನು ಜೈಲೋ ಆಸ್ಪತ್ರೆಯೋ ಅನಿಸಬಹುದು. ಪುನರ್ವಸತಿ ಕಾಲನಿಯಲ್ಲಿ ಸೈಟು ಹಂಚಲು ಹಾಕಿದ ನಂಬರೇ ಅರವತ್ತು ವರ್ಷಗಳ ನಂತರವೂ ನಮ್ಮ ಊರಿನ ಹೆಸರು.

ಉಪ್ಪ ಮಾತ್ರ ನಂಬರಿಗೆ ಒಗ್ಗಲಿಲ್ಲ. ಅವರದು ಜಿನಸಿನ ಅಂಗಡಿ. ಬ್ಯಾರಿ ಎಂದರೆ ವ್ಯಾಪಾರಿ ಎಂಬ ವಿದ್ವಾಂಸರ ಮಾತು ಹೇಳಿದರೆ, ಹಾಗಾದರೆ ಬಾಕಿ ವಸೂಲಿ ಮಾಡುವುದನ್ನೂ ಆ ವಿದ್ವಾಂಸರು ಹೇಳಿಕೊಡಲಿ ಎಂದು ನಗುತ್ತಿದ್ದರು. ಬೆಳಿಗ್ಗೆ ಸುಬಹಿ ನಮಾಝ್ ಮುಗಿಸಿ ಬಾಗಿಲು ತೆಗೆದರೆ ಮುಚ್ಚುವುದು ರಾತ್ರಿ ಹತ್ತಕ್ಕೆ. ಬಾಗಿಲು ಹಾಕುತ್ತಿದ್ದುದು ಶುಕ್ರವಾರ ಜುಮಾಕ್ಕೆ ಮತ್ತು ಎರಡು ಪೆರ್ನಾಳಿಗೆ. ಅವರ ಬಾಕಿ ಪುಸ್ತಕದಲ್ಲಿ ಗಿರಾಕಿಗಳ ಹೆಸರಿನ ಮುಂದೆ ಬ್ಲಾಕ್ ನಂಬರು ಇರುತ್ತಿರಲಿಲ್ಲ. ಒಂದೇ ಹೆಸರಿನವರು ಏಳೆಂಟು ಜನ ಇರುವ ಊರಿನಲ್ಲಿ ಯಾರು ಯಾರೆಂದು ತಿಳಿಯಲು ಅವರು ಬರೆಯುತ್ತಿದ್ದುದು ಹೀಗೆ: ಹೊಳೆಬದಿಯವರು, ದೊಡ್ಡಬಾವಿಯವರು, ಹುಣಸೆಯಡಿಯವರು, ಪಾತಿದೋಣಿಯವರು. ಹೊಳೆಬದಿಯವರು ಗುಡ್ಡದ ಮೇಲಿದ್ದರು. ದೊಡ್ಡಬಾವಿಯವರ ಮನೆಯಲ್ಲಿ ನಳ್ಳಿ ನೀರು. ಹುಣಸೆಯಡಿಯವರ ಅಂಗಳದಲ್ಲಿ ಒಂದು ತೆಂಗು ಬಿಟ್ಟರೆ ಬೇರೆ ಮರವಿಲ್ಲ. ಸಣ್ಣವನಿದ್ದಾಗ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟುತ್ತಾ ನಾನಿದನ್ನೆಲ್ಲ ಅಡ್ಡ ಹೆಸರು ಎಂದುಕೊಂಡಿದ್ದೆ, ಮಕ್ಕಳು ಇಟ್ಟುಕೊಳ್ಳುವ ಹಾಗೆ. ಅವೆಲ್ಲ ಹಳೆ ಪಣಂಬೂರಿನ ಮನೆಗಳು. ನೆಲ ಹೋಗಿತ್ತು, ಮನೆ ಹೋಗಿತ್ತು, ವಿಳಾಸ ಮಾತ್ರ ಅಂಗಡಿಯ ಸಾಲದಲ್ಲಿ ಉಳಿದುಕೊಂಡಿತ್ತು.

ಉಮ್ಮನದು ಕಸಬಾ ಬೆಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿಯ ಮೇಲೆ ಬೆಳೆದವರು. ಪೇಟೆಗೆ ಬರಬೇಕಾದರೆ ದೋಣಿ. ಮದುವೆಯಾಗಿ ಗುಡ್ಡಕ್ಕೆ ಬಂದ ಮೇಲೆ ಬೀಡಿ ಕಟ್ಟಿದರು, ನಾಲ್ಕು ಮಕ್ಕಳನ್ನು ಸಾಕಿದರು. ನಾನು ಮೊದಲ ಸಂಬಳದಲ್ಲಿ ರಿಕ್ಷಾ ಮಾಡಿ ಇಬ್ಬರನ್ನೂ ಪಣಂಬೂರು ಬೀಚಿಗೆ ಕರೆದುಕೊಂಡು ಹೋದದ್ದುಂಟು. ಉಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಸ್ವಲ್ಪ ನಡೆದು, ಕಡಲಿನಲ್ಲಿ ನೋಡುವುದಕ್ಕೆ ಏನುಂಟು ಮಾರಾಯ, ಎಂದು ಕೂತುಬಿಟ್ಟರು. ಕಡಲು ಅವರಿಗೆ ನೋಡುವ ವಸ್ತು ಆಗಿರಲಿಲ್ಲ. ಅದು ಮೀನು ಕೊಡುವುದು, ಮಳೆಗಾಲದಲ್ಲಿ ಗಂಡಸರನ್ನು ಮನೆಯಲ್ಲಿ ಕೂರಿಸುವುದು, ಕೆಲವೊಮ್ಮೆ ಹೋದವರನ್ನು ವಾಪಸು ಕಳಿಸದೆ ಇರುವುದು. ಅಲ್ಲಿ ಕೂತಲ್ಲೇ ಅವರು ಮರಳಿನಲ್ಲಿ ಬೆರಳಾಡಿಸಿ ಮರುವಾಯಿ ಹುಡುಕಲು ಶುರು ಮಾಡಿದರು. ಸಿಕ್ಕಿದ್ದು ಬಾಟಲಿಯ ಮುಚ್ಚಳ.

ಉಪ್ಪ ಕೂರಲಿಲ್ಲ. ತಡೆಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಹಡಗು ತೋರಿಸಿ, ಅದರ ಹೊಟ್ಟೆಯ ಅಡಿಗೆ ನಮ್ಮ ಬಾವಿ, ಎಂದರು. ಅದೂ ಒಂದು ರೀತಿ ಹೆಮ್ಮೆಯಲ್ಲಿ, ಸಾಮಾನ್ಯ ಜಾಗವಲ್ಲ ನಮ್ಮದು ಎನ್ನುವ ಹಾಗೆ. ಆಮೇಲೆ ಬಾವಿಯ ಎಡಕ್ಕೆ ಯಾರ ಮನೆ, ಬಲಕ್ಕೆ ಯಾರ ಗದ್ದೆ, ಯಾವ ಮೊಗವೀರರ ಅಂಗಳದಲ್ಲಿ ಬಲೆ ಒಣಗುತ್ತಿತ್ತು, ಯಾವ ಬಿಲ್ಲವರ ಮನೆಯಿಂದ ಎಮ್ಮೆ ಹಾಲು ಬರುತ್ತಿತ್ತು ಎಂದು ಒಂದೊಂದೇ ಹೇಳಿದರು. ನಾನು ಅದನ್ನು ಮೊಬೈಲಿನಲ್ಲಿ ಬರೆದುಕೊಂಡೆ. ಉಪ್ಪ 2019ರಲ್ಲಿ ತೀರಿಕೊಂಡರು, ಉಮ್ಮ ಎರಡು ವರ್ಷ ಕಳೆದು. ಅಲ್ಲಾಹನು ಇಬ್ಬರಿಗೂ ಮಗ್ಫಿರತ್ ನೀಡಲಿ.

ಡಿಸೆಂಬರಿನಲ್ಲಿ ಅದೇ ಮರಳಿನಲ್ಲಿ ಆರಾಮಾಗಿ ಒರಗಿದಾಗ ನನಗೆ ಅವರ ನೆನಪು ಬಂದದ್ದು ಸಹಜ. ತಂದೆ ತಾಯಿ ಇಲ್ಲದವರಿಗೆ ರಜೆ ಎಂದರೆ ಹಾಗೆಯೇ, ಕೈ ಖಾಲಿಯಾದ ತಕ್ಷಣ ಅವರು ಬಂದು ಕೂರುತ್ತಾರೆ. ಅದನ್ನು ಹೇಳಿಕೊಳ್ಳಲು ನಾನಿದನ್ನು ಬರೆಯುತ್ತಿಲ್ಲ. ನನ್ನ ಉಪ್ಪನ ನೆನಪು ನನ್ನ ಮನೆಯ ವಿಷಯ. ಆದರೆ ಅವರ ನೆನಪಿನಲ್ಲಿದ್ದ ಊರು ನನ್ನೊಬ್ಬನ ಸೊತ್ತಲ್ಲ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತುಂಟು. ಬಂದರು ಬಂದದ್ದರಿಂದಲೇ ಅಲ್ಲವೇ ಮಂಗಳೂರು ಬೆಳೆದದ್ದು? ಗೊಬ್ಬರದ ಕಾರ್ಖಾನೆ ಬಂತು, ಕುದುರೆಮುಖದ ಅದಿರು ಬಂತು, ಲಾರಿ ಬಂತು, ಸಾವಿರಾರು ಜನರಿಗೆ ಕೆಲಸ ಬಂತು. ಸರಿ. ನಮ್ಮ ಅಂಗಡಿಯ ಗಿರಾಕಿಗಳಲ್ಲೂ ಬಂದರಿನ ಸಂಬಳದವರಿದ್ದರು. ನಾನೂ ಕಾರ್ಖಾನೆಯ ಅನ್ನ ತಿನ್ನುವವನೇ, ಯಂತ್ರದ ಶತ್ರು ಅಲ್ಲ. ಬಂದರನ್ನು ಮುಚ್ಚಿ ಬಾವಿ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಕೇಳುವುದು ಇಷ್ಟೇ, ಇದ್ದವರ ಹೆಸರು ಇದ್ದ ಜಾಗದ ಹತ್ತಿರ ಇರಲಿ. ಹಡಗಿಗೆ ದಾರಿ ತೋರಿಸಲು ದೀಪ ಹಾಕುವವರಿಗೆ ಒಂದು ಕಲ್ಲು ನೆಡುವುದು ದೊಡ್ಡ ಖರ್ಚೇನಲ್ಲ.

ಇನ್ನೊಂದು ಕಾರಣವೂ ಉಂಟು, ನನ್ನ ಮಟ್ಟಿಗೆ ಅದೇ ದೊಡ್ಡದು. ಇಂದು ಪತ್ರಿಕೆಯಲ್ಲಿ ಸುರತ್ಕಲ್, ಕಾಟಿಪಳ್ಳ, ಕೃಷ್ಣಾಪುರ ಎಂದು ಓದಿದರೆ ಮುಂದಿನ ಸಾಲು ಏನಿರುತ್ತದೆ ಎಂದು ನಿಮಗೆ ಗೊತ್ತು. ಚೂರಿ, ಸೆಕ್ಷನ್, ಬಂದ್. ಪಸ್ತಾಪುರದಲ್ಲಿ ಕೂತ ನನಗೆ ವಾಟ್ಸಾಪಿನಲ್ಲಿ ಊರಿನ ಹೆಸರು ಕಂಡರೆ ಮೊದಲು ಎದೆ ಧಸಕ್ಕೆನ್ನುತ್ತದೆ. ಯಾವ ಬ್ಲಾಕ್ ಯಾರದು ಎಂದು ಲೆಕ್ಕ ಹಾಕುವ ಹುಡುಗರು ಎರಡೂ ಕಡೆ ಬೆಳೆದಿದ್ದಾರೆ. ಅವರ ಅಜ್ಜಂದಿರಲ್ಲಿ ಬಹಳ ಮಂದಿ ಒಂದೇ ಕಾಲದಲ್ಲಿ, ಒಂದೇ ಕಾರಣಕ್ಕೆ, ಒಂದೇ ಗುಡ್ಡ ಹತ್ತಿದವರು. ಬ್ಯಾರಿಗಳು ಮಾತ್ರ ಊರು ಕಳೆದುಕೊಂಡದ್ದಲ್ಲ. ಉಪ್ಪನ ಬಾಕಿ ಪುಸ್ತಕದಲ್ಲಿ ಪಾತಿದೋಣಿಯವರು ಮೊಗವೀರರು. ಹುಣಸೆಯಡಿಯವರಲ್ಲಿ ಬ್ಯಾರಿಗಳೂ ಇದ್ದರು, ಬಿಲ್ಲವರೂ ಇದ್ದರು, ಮರ ಒಂದೇ. ಆ ಹುಣಸೆ ಮರದ ವಿಷಯ ಗೊತ್ತಾದ ಕೂಡಲೇ ಹುಡುಗರು ತಬ್ಬಿಕೊಳ್ಳುತ್ತಾರೆ ಎಂಬ ಭ್ರಮೆ ನನಗಿಲ್ಲ. ಆದರೆ ಗೊತ್ತಿಲ್ಲದೆ ಇರುವುದರಿಂದ ಯಾರಿಗೆ ಲಾಭ ಎಂದು ಯೋಚಿಸಿದ್ದೇನೆ.

ನನಗೆ ಈ ಧೈರ್ಯ ಬಂದದ್ದು ಪಸ್ತಾಪುರದಲ್ಲಿ. ಇಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯುಂಟು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದ ಕೆಲಸದಲ್ಲಿದ್ದವರು. 2023ರ ಮಾರ್ಚ್ 19ರಂದು ತೀರಿಕೊಂಡರು. ಜಹೀರಾಬಾದ್ ಸುತ್ತಿನ ದಲಿತ ಹೆಂಗಸರ ಸಂಘಗಳು ಇಲ್ಲಿ ನವಣೆ, ಸಾಮೆ, ಜೋಳದ ಹಳೆ ತಳಿಗಳನ್ನು ಉಳಿಸಿಕೊಂಡಿವೆ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಬೀಜ ತುಂಬಿಕೊಂಡು ಊರೂರು ಸುತ್ತುತ್ತಾರೆ. ಬೀಜದ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಹತ್ತಿರದ ಮಾಚನೂರಿನ ಸಂಘಂ ರೇಡಿಯೋ. 2008ರ ಅಕ್ಟೋಬರ್ 15ರಿಂದ ಹಳ್ಳಿಯ ಹೆಂಗಸರೇ ನಡೆಸುವ ಬಾನುಲಿ ಅದು. ಅವರು ತಮ್ಮ ಊರ ಮಾತಿನಲ್ಲೇ, ಪೇಟೆಯ ತೆಲುಗಿಗೆ ತಿದ್ದದೆ, ಅಜ್ಜಿಯಂದಿರ ಹಾಡು, ಬೇಸಾಯದ ವಿಷಯ, ಮದ್ದಿನ ಗಿಡದ ಹೆಸರು ಎಲ್ಲವನ್ನೂ ದಾಖಲೆ ಮಾಡುತ್ತಾರೆ. ಶಾಲೆಯ ಮುಖ ನೋಡದವರು ಕ್ಯಾಮೆರಾ ಹಿಡಿದು ಚಿತ್ರ ತೆಗೆಯುತ್ತಾರೆ. ಯಾರೋ ವಿದ್ವಾಂಸರು ಬರಲಿ ಎಂದು ಕಾಯಲಿಲ್ಲ.

ನಮ್ಮಲ್ಲಿ ಏನು ಕಡಿಮೆ? 2007ರಿಂದ ಬ್ಯಾರಿ ಸಾಹಿತ್ಯ ಅಕಾಡೆಮಿ ಉಂಟು. ಪ್ರತಿ ಮನೆಯಲ್ಲಿ ನಾಲ್ಕು ಮೊಬೈಲು ಉಂಟು. ಕವಿಗೋಷ್ಠಿ, ಸನ್ಮಾನ, ಶಾಲು, ಎಲ್ಲ ಬೇಕು, ಬೇಡವೆನ್ನಲಾರೆ. ಆದರೆ ಬ್ಯಾರಿ ಭಾಷೆ ತಲೆಮಾರುಗಳ ಕಾಲ ಪುಸ್ತಕಕ್ಕಿಂತ ಬಾಯಲ್ಲಿ ಬದುಕಿದ್ದು. ಬಾಯಿಯಿಂದಲೇ ಅದನ್ನು ಇಳಿಸಿಕೊಳ್ಳಬೇಕು. ಹಳೆ ಪಣಂಬೂರಿನ ಬಾವಿಯ ನೀರು ಕುಡಿದವರಿಗೆ ಈಗ ಎಪ್ಪತ್ತು ದಾಟಿದೆ. ಜಮಾತಿನ ಕಮಿಟಿಗಳು, ಮೊಗವೀರ ಸಭೆಗಳು, ಬಿಲ್ಲವ ಸಂಘಗಳು ಕೂಡಿ ಕೂರಬಹುದಾದ ವಿಷಯ ಇಂದು ನಮ್ಮ ಕಡೆ ಹೆಚ್ಚಿಲ್ಲ. ಇದೊಂದು ಉಂಟು. ಮನೆಯ ಹೆಸರು, ಬಾವಿ, ಮರ, ದಾರಿ, ದೋಣಿ ಕಟ್ಟುವ ಜಾಗ ಒಂದು ಪಟ್ಟಿಯಾಗಲಿ. ಆ ಪಟ್ಟಿಯೇ ಬೀಚಿನ ಬೋರ್ಡು ಆಗಲಿ, ಚರುಮುರಿ ತಿನ್ನುತ್ತಾ ಯಾರು ಬೇಕಾದರೂ ಓದಲಿ. ಮಗುವೊಂದು ಹಡಗು ತೋರಿಸಿ ಕೇಳಿದರೆ ಅಪ್ಪನಿಗೆ ಹೇಳಲು ಏನಾದರೂ ಇರಲಿ.

ಉಪ್ಪನ ಬಾಕಿ ಪುಸ್ತಕ ಈಗ ನನ್ನ ಹತ್ತಿರ ಪಸ್ತಾಪುರದಲ್ಲಿ ಉಂಟು. ಮೂರು ಪುಸ್ತಕ, ಒಂದಕ್ಕೆ ಗೆದ್ದಲು ಹಿಡಿದಿದೆ. ಡಿಪ್ಲೊಮಾದಲ್ಲಿ ಕಲಿತ ಡ್ರಾಯಿಂಗಿನ ಬಲದಿಂದ ಒಂದು ಹಾಳೆಯಲ್ಲಿ ನಕ್ಷೆ ಶುರು ಮಾಡಿದ್ದೇನೆ. ಪುಸ್ತಕಗಳಲ್ಲಿ ಇಪ್ಪತ್ತಮೂರು ಮನೆಗಳ ಹೆಸರು ಸಿಕ್ಕಿವೆ. ಉಪ್ಪ ಅಂದು ಹೇಳಿದ್ದರ ಆಧಾರದಲ್ಲಿ ಹದಿನಾಲ್ಕನ್ನು ಬಾವಿಯ ಸುತ್ತ ಕೂರಿಸಿದ್ದೇನೆ. ಒಂಬತ್ತು ಉಳಿದಿವೆ. ಅದರಲ್ಲಿ ಒಂದು ‘ಮೂರು ಮೆಟ್ಟಿಲವರು’. ಅದು ಹೊಳೆಗೆ ಇಳಿಯುವ ಮೆಟ್ಟಿಲೋ, ಮನೆಯ ಮೆಟ್ಟಿಲೋ, ಪಳ್ಳಿಯ ಮೆಟ್ಟಿಲೋ ಗೊತ್ತಾಗಿಲ್ಲ. ನಿಮ್ಮ ಮನೆಯಲ್ಲಿ ಪಣಂಬೂರಿನಿಂದ ಬಂದ ಹಿರಿಯರಿದ್ದರೆ, ಮಗ್ರಿಬ್ ಕಳೆದು ಚಾ ಕುಡಿಯುವ ಹೊತ್ತಿಗೆ ಒಮ್ಮೆ ಕೇಳಿ ನೋಡಿ, ಆ ಮೂರು ಮೆಟ್ಟಿಲು ಎಲ್ಲಿತ್ತು ಎಂದು.