‘ಪಿ.ಟಿ. ಸರ್ ಕೊಟ್ರ ಬ್ಯಾಡ ಅನ್ನಾಕ ಬರ್ತೈತೇನ್ರಿ?’

ಮುದಗಲ್‌ನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಿತ್ತು. ಹತ್ತನೇ ತರಗತಿ, ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ, ಅಂದಿನ ಕಲಿಕಾಂಶ ಹಾರ್ಮೋನುಗಳು. ಗ್ರಂಥಿಗಳ ಚಿತ್ರಪಟ ತೂಗುಹಾಕಿ ಪಿಟ್ಯುಟರಿಯಿಂದ ಶುರುಮಾಡಿ ಟೆಸ್ಟೋಸ್ಟೆರಾನ್‌ವರೆಗೆ ಬಂದಿದ್ದೆ. ಮಕ್ಕಳ ಗಮನ ಜಾರುತ್ತಿದೆ ಅನಿಸಿ, ಪಾಠಯೋಜನೆಯಲ್ಲಿ ಇಲ್ಲದ ಒಂದು ಮಾತು ಹೇಳಿದೆ. ಇದೇ ಹಾರ್ಮೋನಿನಂಥ ವಸ್ತುವನ್ನು ಕೆಲವು ಕ್ರೀಡಾಪಟುಗಳು ಹೊರಗಿನಿಂದ ತಗೊಳ್ಳುತ್ತಾರೆ, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ, ಗೆದ್ದ ಪದಕ ವಾಪಸ್ ಹೋಗುತ್ತದೆ ಎಂದೆ. ತರಗತಿ ಒಮ್ಮೆಲೇ ಎಚ್ಚರಾಯಿತು. ಹಿಂದಿನ ಬೆಂಚಿನಿಂದ ‘ಕಳ್ಳರು’ ಎಂಬ ಕೂಗು ಬಂತು. ನಾನೂ ತಲೆಯಾಡಿಸಿದೆ.

ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದಳು. 800 ಮೀಟರ್ ಓಡುವವಳು, ಲಿಂಗಸುಗೂರಿಗೆ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗುವವಳಿದ್ದಳು. ‘ಟೀಚರ್, ಪಿ.ಟಿ. ಸರ್ ಕೊಟ್ರ ಬ್ಯಾಡ ಅನ್ನಾಕ ಬರ್ತೈತೇನ್ರಿ?’ ಎಂದು ಕೇಳಿದಳು.

‘ಹಂಗ ಯಾರೂ ಕೊಡಂಗಿಲ್ಲವಾ, ಕೂಡು’ ಎಂದು ಹೇಳಿ ನಾನು ಥೈರಾಯ್ಡ್ ಗ್ರಂಥಿಗೆ ಹೋದೆ.

ಪಾಠ ಮುಗಿದ ಮೇಲೆ ವೀಕ್ಷಣಾ ಪುಸ್ತಕದಲ್ಲಿ ಬಂದ ಷರಾ ಹೀಗಿತ್ತು: ‘ನಿರೂಪಣೆ ಉತ್ತಮ. ವಿಷಯಾಂತರ ತಪ್ಪಿಸಿರಿ.’ ವೀಕ್ಷಕರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಸಮಯದೊಳಗೆ ಪಾಠ ಮುಗಿಸುವುದನ್ನು ಕಲಿಸುವುದು ಅವರ ಕೆಲಸ. ಆದರೆ ಅಂದು ನಾನು ಮಾಡಿದ ತಪ್ಪು ವಿಷಯಾಂತರ ಅಲ್ಲ. ಇಡೀ ಪಾಠದಲ್ಲಿ ಬಂದ ಒಂದೇ ಒಂದು ನಿಜವಾದ ಪ್ರಶ್ನೆಯನ್ನು ಕೂಡ್ರಿಸಿಬಿಟ್ಟಿದ್ದೆ. ಅದೂ ಸುಳ್ಳು ಹೇಳಿ. ಯಾಕೆಂದರೆ ‘ಹಂಗ’ ಕೊಟ್ಟ ಕಥೆ ನಮ್ಮ ಕರ್ನಾಟಕದ್ದೇ ಇದೆ.

ಅಶ್ವಿನಿ ಅಕ್ಕುಂಜಿಯವರ ಹೆಸರು ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಕುಂದಾಪುರದ ಕಡೆಯ ಸಿದ್ದಾಪುರದ ರೈತ ಕುಟುಂಬದ ಹುಡುಗಿ. 2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ರಿಲೇ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಮರು ತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ, ರಿಲೇಯಲ್ಲಿ ಮತ್ತೊಂದು ಚಿನ್ನ. ಆಗ ನಾನಿನ್ನೂ ಸಣ್ಣವಳು. ಮನೆಗೆ ಬಂದ ಪತ್ರಿಕೆಯಲ್ಲಿ ಅವರು ಹರ್ಡಲ್ ದಾಟುವ ಚಿತ್ರವಿತ್ತು. ಅದನ್ನು ಕತ್ತರಿಸಿ ನಮ್ಮಪ್ಪ ಗೋಡೆಗೆ ಅಂಟಿಸಿದ್ದರು. ನಾನು ಓಡಲು ಶುರುಮಾಡಿದ್ದೇ ಆ ಚಿತ್ರ ನೋಡಿ.

2011ರ ಬೇಸಿಗೆ ಮುಗಿಯುವಷ್ಟರಲ್ಲಿ ಅದೇ ರಿಲೇ ಬಳಗದ ಓಟಗಾರ್ತಿಯರು ಒಬ್ಬರ ಹಿಂದೊಬ್ಬರು ಮದ್ದು ಪರೀಕ್ಷೆಯಲ್ಲಿ ಸಿಕ್ಕರು. ಅಶ್ವಿನಿಯವರ ಮಾದರಿಯಲ್ಲೂ ಅನಾಬಾಲಿಕ್ ಸ್ಟಿರಾಯ್ಡ್ ಇತ್ತು. ವಿದೇಶಿ ತರಬೇತುದಾರ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ನುಂಗಿದ್ದೆವು, ಅದರೊಳಗೆ ಇನ್ನೇನಿತ್ತೋ ನಮಗೆ ಗೊತ್ತಿರಲಿಲ್ಲ ಎಂದು ಓಟಗಾರ್ತಿಯರು ಹೇಳಿದರು. ತರಬೇತುದಾರನನ್ನು ಕೆಲಸದಿಂದ ತೆಗೆಯಲಾಯಿತು. ವಿಚಾರಣೆಗೆಂದು ಕ್ರೀಡಾ ಸಚಿವಾಲಯ ನಿವೃತ್ತ ನ್ಯಾಯಮೂರ್ತಿಯೊಬ್ಬರ ಏಕಸದಸ್ಯ ಸಮಿತಿ ನೇಮಿಸಿತು. ಅವರ ಹೆಸರು ಮುಕುಲ್ ಮುದ್ಗಲ್. ನಮ್ಮೂರಿಗೂ ಅವರಿಗೂ ಏನೂ ಸಂಬಂಧವಿಲ್ಲ, ಆದರೂ ‘ಮುದ್ಗಲ್ ಸಮಿತಿ’ ಎಂದು ಓದಿದಾಗ ನಮ್ಮ ಕೋಟೆಯ ಬಾಗಿಲೇ ಕಣ್ಣಮುಂದೆ ಬರುತ್ತದೆ.

ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವಾದ ನಾಡಾದ ಶಿಸ್ತು ಸಮಿತಿ 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಒಪ್ಪದೆ ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ತಪ್ಪಿತು. 2010ರ ಚಿನ್ನಗಳು ಮಾತ್ರ ಉಳಿದವು, ಏಕೆಂದರೆ ಸಿಕ್ಕಿದ್ದು 2011ರ ಮಾದರಿ. ನಮ್ಮಪ್ಪ ಗೋಡೆಯ ಚಿತ್ರ ತೆಗೆಯಲಿಲ್ಲ, ಆದರೆ ಬಂದವರಿಗೆ ಅದನ್ನು ತೋರಿಸುವುದನ್ನು ಬಿಟ್ಟರು.

ಉದ್ದೀಪನ ಮದ್ದಿನ ನಿಯಮದ ತಿರುಳು ಒಂದೇ. ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಯಾರು ಕೊಟ್ಟರು, ಏನಂದು ಕೊಟ್ಟರು ಎಂಬುದು ಶಿಕ್ಷೆಯ ಪ್ರಮಾಣ ಗೊತ್ತುಮಾಡುವಾಗ ಬರುವ ಮಾತು, ಆ ಹೊಣೆಯನ್ನು ಅದು ಅಳಿಸುವುದಿಲ್ಲ. ನಿಯಮ ಕಠಿಣ ಎನಿಸಿದರೂ ಅದಿಲ್ಲದೆ ಪರೀಕ್ಷೆ ನಡೆಯಲಾರದು, ಪ್ರತಿಯೊಬ್ಬರೂ ‘ನನಗೆ ಗೊತ್ತಿರಲಿಲ್ಲ’ ಎಂದರೆ ಮುಗಿಯಿತು. ಹಾಗಾಗಿ ನಿಯಮದ ವಿರುದ್ಧ ನನ್ನ ತಕರಾರಿಲ್ಲ. ಅದು ಓಟಗಾರ್ತಿಯಿಂದ ಬೇಡುವ ಗುಣವನ್ನೂ ನಾವು ಶಾಲೆಯಲ್ಲಿ ಬೆಳೆಸುವ ಗುಣವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಗಾಬರಿಯಾಗುತ್ತದೆ. ನಿಯಮ ಹೇಳುತ್ತದೆ: ನಿನ್ನ ಗುರುವೇ ಕೊಟ್ಟರೂ ಏನಿದೆ ಎಂದು ಕೇಳು, ಬರಹ ಓದು, ವೈದ್ಯರಿಗೆ ತೋರಿಸು, ಬೇಡವೆನಿಸಿದರೆ ನಿರಾಕರಿಸು. ನಾವು ಒಂದನೇ ತರಗತಿಯಿಂದ ಹೇಳುವುದು: ಸರ್ ಹೇಳಿದ ಮೇಲೆ ಎದುರು ಮಾತಾಡಬ್ಯಾಡ. ಹತ್ತು ವರ್ಷ ಇದನ್ನೇ ಕಲಿತ ಹುಡುಗಿಯೊಬ್ಬಳು ಹಾಸ್ಟೆಲು, ಊಟ, ತಂಡದ ಆಯ್ಕೆ ಎಲ್ಲವೂ ತರಬೇತುದಾರನ ಕೈಯಲ್ಲಿರುವ ಶಿಬಿರಕ್ಕೆ ಹೋಗಿ, ಒಂದೇ ದಿನದಲ್ಲಿ ಪ್ರಶ್ನೆ ಕೇಳುವವಳಾಗುತ್ತಾಳೆಯೇ?

ನಾನಂತೂ ಆಗಲಿಲ್ಲ. ಪಿಯುಸಿಯಲ್ಲಿದ್ದಾಗ ಒಂದು ಕ್ರೀಡಾಕೂಟದಲ್ಲಿ 400 ಮೀಟರ್ ಓಟಕ್ಕೆ ನಿಂತಿದ್ದೆ. ನಮ್ಮನ್ನು ಕರೆದುಕೊಂಡು ಹೋಗಿದ್ದ ಹಿರಿಯರೊಬ್ಬರು ಅಂಗೈಯಲ್ಲಿ ಒಂದು ಬಿಳಿ ಗುಳಿಗೆ ಇಟ್ಟು ‘ನುಂಗು, ದಮ್ ಬರ್ತೈತಿ’ ಎಂದರು. ನುಂಗಿದೆ. ಮೂರನೆಯವಳಾಗಿ ಬಂದೆ. ಅದು ಗ್ಲೂಕೋಸ್ ಇರಬಹುದು, ವಿಟಮಿನ್ ಇರಬಹುದು, ಮತ್ತೇನಾದರೂ ಇರಬಹುದು. ಅಲ್ಲಿ ಪರೀಕ್ಷೆ ಮಾಡುವವರಾರೂ ಇರಲಿಲ್ಲ. ಪ್ರಮಾಣಪತ್ರ ಈಗಲೂ ಟ್ರಂಕಿನಲ್ಲಿದೆ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದೆ, ಹೆಸರು ಬರೆಯದ ಬಾಟಲಿಯ ದ್ರಾವಣವನ್ನು ಮೂಸಿಯೂ ನೋಡಬೇಡಿ ಎಂಬುದು ಪ್ರಯೋಗಾಲಯದ ಮೊದಲ ಪಾಠ. ಆ ಗುಳಿಗೆ ನೆನಪಾದದ್ದು ಮಾತ್ರ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತ ಮೇಲೆ.

ಎಂ.ಆರ್. ಪೂವಮ್ಮ ಅವರ ಪ್ರಕರಣವನ್ನೂ ಇಲ್ಲಿ ಹೇಳಬೇಕು, ‘ಕಳ್ಳರು’ ಎಂಬ ಕೂಗಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇಯಲ್ಲಿ ಮುಹಮ್ಮದ್ ಅನಾಸ್, ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್ ಓಡಿ ಬೆಳ್ಳಿ ತಂದರು. ಬಹರೇನ್ ಮೊದಲು ಬಂದಿತ್ತು. ಆ ತಂಡದ ಕೆಮಿ ಅಡೆಕೋಯಾ ಮದ್ದು ಪರೀಕ್ಷೆಯಲ್ಲಿ ಸಿಕ್ಕು ನಾಲ್ಕು ವರ್ಷ ನಿಷೇಧಕ್ಕೊಳಗಾದ ಮೇಲೆ ಬಹರೇನಿನ ಚಿನ್ನ ಹೋಯಿತು, 2020ರಲ್ಲಿ ನಮ್ಮವರ ಬೆಳ್ಳಿ ಚಿನ್ನವಾಯಿತು. ಅಡೆಕೋಯಾ ಮಾದರಿಯಲ್ಲಿ ಇದ್ದದ್ದು ಸ್ಟಾನೊಝೊಲಾಲ್. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದ ಬೆನ್ ಜಾನ್ಸನ್ ಪದಕ ಕಳೆದುಕೊಂಡದ್ದೂ ಅದೇ ವಸ್ತುವಿನಿಂದ. ಮೂವತ್ತು ವರ್ಷಕ್ಕೂ ಮದ್ದು ಬದಲಾಗಿಲ್ಲ!

ಹೀಗೆ ಇನ್ನೊಬ್ಬರ ಮದ್ದಿನಿಂದಾಗಿ ತಡವಾಗಿ ಚಿನ್ನ ಪಡೆದ ಪೂವಮ್ಮ, 2021ರ ಫೆಬ್ರವರಿಯಲ್ಲಿ ಪಟಿಯಾಲದಲ್ಲಿ ಕೊಟ್ಟ ಮಾದರಿಯಲ್ಲಿ ತಾವೇ ಸಿಕ್ಕರು. ಅಲ್ಲಿ ಕಂಡದ್ದು ಮೀಥೈಲ್‌ಹೆಕ್ಸೇನ್‌ಅಮೀನ್ ಎಂಬ ಉತ್ತೇಜಕ. ಶಕ್ತಿ ಹೆಚ್ಚಿಸುತ್ತವೆಂದು ಮಾರುವ ಕೆಲವು ಪೂರಕ ಪುಡಿಗಳಲ್ಲಿ ಸಿಕ್ಕಿರುವ ವಸ್ತು ಅದು. ಮೊದಲು ಮೂರು ತಿಂಗಳ ನಿಷೇಧ, 2022ರಲ್ಲಿ ಮೇಲ್ಮನವಿ ಸಮಿತಿಯಿಂದ ಎರಡು ವರ್ಷ. ಇಬ್ಬರು ಓಟಗಾರ್ತಿಯರು, ಎರಡು ಬೇರೆ ವಸ್ತುಗಳು, ಒಬ್ಬರದು ಹಾರ್ಮೋನಿನ ನಕಲು, ಇನ್ನೊಬ್ಬರದು ಉತ್ತೇಜಕ. ಮಕ್ಕಳ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು. ವಿಜ್ಞಾನ ಶಿಕ್ಷಕಿಯಾಗಿ ನಾನು ಅದನ್ನು ಬಿಡಿಸಿ ಹೇಳಬೇಕಿತ್ತು.

ಹೇಳಲು ಪಾಠದಲ್ಲೇ ಜಾಗವಿದೆ. ಹಿಮ್ಮಾಹಿತಿ ಕಾರ್ಯವಿಧಾನಕ್ಕೆ ನಾವೆಲ್ಲ ಇನ್ಸುಲಿನ್ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ಹುಡುಗನೊಬ್ಬ ಸ್ಟಿರಾಯ್ಡ್ ಚುಚ್ಚಿಸಿಕೊಂಡನೆಂದುಕೊಳ್ಳಿ. ರಕ್ತದಲ್ಲಿ ಮಾಲು ಬೇಕಾದಷ್ಟಿದೆ ಎಂದು ಪಿಟ್ಯುಟರಿಗೆ ಸುದ್ದಿ ಮುಟ್ಟುತ್ತದೆ, ಅದು ಆದೇಶ ಕಳಿಸುವುದನ್ನು ಕಡಿಮೆ ಮಾಡುತ್ತದೆ, ವೃಷಣಗಳು ತಮ್ಮ ಕೆಲಸ ನಿಲ್ಲಿಸುತ್ತಾ ಬರುತ್ತವೆ. ಸ್ನಾಯು ಉಬ್ಬುತ್ತಿರುವಾಗಲೇ ಒಳಗೆ ಗ್ರಂಥಿ ಕುಗ್ಗುತ್ತದೆ. ಹುಡುಗಿಯಾದರೆ ದನಿ ಒಡೆಯಬಹುದು, ಮುಟ್ಟು ಏರುಪೇರಾಗಬಹುದು. ಇದನ್ನು ಹೇಳಿದರೆ ಹಿಂದಿನ ಬೆಂಚೂ ಕೇಳುತ್ತದೆ. ಬೆಳಗಿನ ಐದಕ್ಕೇ ಎದ್ದು ಪೊಲೀಸ್ ನೇಮಕಾತಿಯ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕೆಂದು ಓಡುವ ಅಣ್ಣಂದಿರು ಆ ಬೆಂಚಿನವರ ಮನೆಗಳಲ್ಲೇ ಇದ್ದಾರೆ. ಅವರ ಕೈಗೆ ಡಬ್ಬಿ ಕೊಡುವವರು ಪಠ್ಯಪುಸ್ತಕ ಓದಿ ಕೊಡುವುದಿಲ್ಲ.

ಪರೀಕ್ಷೆಯನ್ನೂ ಪ್ರಶ್ನಿಸಬಹುದು ಎಂದೂ ಮಕ್ಕಳಿಗೆ ಗೊತ್ತಾಗಬೇಕು. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಮತ್ತು 5000 ಮೀಟರ್ ಕಂಚು ಗೆದ್ದ ಪಂಜಾಬಿನ ಸುನೀತಾ ರಾಣಿಯವರಿಂದ ನ್ಯಾಂಡ್ರೊಲೋನ್ ಸಿಕ್ಕಿತೆಂದು ಎರಡೂ ಪದಕ ಕಿತ್ತುಕೊಂಡರು. ಆಮೇಲೆ ಪ್ರಯೋಗಾಲಯದ ಕೆಲಸದಲ್ಲೇ ದೋಷ ಕಂಡು ಪದಕಗಳು ಅವರಿಗೆ ಮರಳಿದವು. ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ಅಂಜು ಬಾಬಿ ಜಾರ್ಜ್ ಅವರದು ಮತ್ತೊಂದು ಬಗೆ. 2005ರ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಅವರಿಗಿಂತ ಮುಂದೆ ಜಿಗಿದಿದ್ದ ರಷ್ಯಾದ ತತ್ಯಾನಾ ಕೊತೋವಾ ಅನರ್ಹರಾಗಿ, ಬೆಳ್ಳಿ ಚಿನ್ನವಾಗುವಷ್ಟರಲ್ಲಿ 2014 ಬಂದಿತ್ತು. ಒಂಬತ್ತು ವರ್ಷದ ಮೇಲೆ ಬಂದ ಚಿನ್ನಕ್ಕೆ ವೇದಿಕೆಯೂ ಇಲ್ಲ, ರಾಷ್ಟ್ರಗೀತೆಯೂ ಇಲ್ಲ.

ಇದಕ್ಕೆಂದು ಪಾಠಯೋಜನೆಯಲ್ಲಿ ‘ಮೌಲ್ಯ: ಪ್ರಾಮಾಣಿಕತೆ’ ಎಂದು ಇನ್ನೊಂದು ಕಾಲಂ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಅದನ್ನು ನಾವು ಎಷ್ಟು ಸಲೀಸಾಗಿ ತುಂಬುತ್ತೇವೆ ಎಂದು ಸಹಪಾಠಿಗಳಿಗೆಲ್ಲ ಗೊತ್ತು. ನನ್ನ ಕೋರಿಕೆ ಉಪನ್ಯಾಸಕರಲ್ಲಿ ಇಷ್ಟೇ: ನಮ್ಮ ಪಾಠ ನೋಡಲು ಬಂದಾಗ, ನಾವು ಕೇಳಿದ ಪ್ರಶ್ನೆಗಳನ್ನು ಎಣಿಸಿದಂತೆ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಎಣಿಸಿ, ಅವುಗಳಿಗೆ ನಾವೇನು ಮಾಡಿದೆವು ಎಂದು ಬರೆಯಿರಿ. ನನ್ನ ಆ ಪಾಠಕ್ಕೆ ಅಂಥ ಷರಾ ಬಿದ್ದಿದ್ದರೆ ಅಂಕ ಕಡಿಮೆಯಾಗುತ್ತಿತ್ತು, ಆಗಬೇಕಿತ್ತು. ದೈಹಿಕ ಶಿಕ್ಷಣ ಶಿಕ್ಷಕರನ್ನು ಅನುಮಾನಿಸಿ ಎಂದೂ ಇದರ ಅರ್ಥವಲ್ಲ. ಈ ಭಾಗದ ಶಾಲೆಗಳಲ್ಲಿ ಸ್ವಂತ ದುಡ್ಡು ಹಾಕಿ ಮಕ್ಕಳನ್ನು ಕ್ರೀಡಾಕೂಟಕ್ಕೆ ಕರೆದೊಯ್ಯುವವರು ಅವರೇ. ಪ್ರಶ್ನೆ ಕೇಳಿಸಿಕೊಳ್ಳುವುದು ಅವರಿಗೆ ಅವಮಾನ ಆಗಬೇಕಿಲ್ಲ. ಈಗ ನಾಡಾ ‘ನೋ ಯುವರ್ ಮೆಡಿಸಿನ್’ ಎಂಬ ಆ್ಯಪ್ ಕೂಡ ಮಾಡಿದೆ, ಔಷಧದಲ್ಲಿ ನಿಷೇಧಿತ ವಸ್ತು ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಶಿಕ್ಷಕರೂ ಮಕ್ಕಳೂ ಕೂಡಿ ನೋಡಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮುಂದಿನ ವಾರ ಮಾರ್ಗದರ್ಶಕ ಶಿಕ್ಷಕಿಯನ್ನು ಕೇಳಿ ಅದೇ ತರಗತಿಯಲ್ಲಿ ಒಂದು ಅವಧಿ ಪಡೆದೆ. ಮೊದಲು ಆ ಹುಡುಗಿಗೆ, ಅವತ್ತು ನಾನು ಹೇಳಿದ್ದು ತಪ್ಪಿತ್ತು ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮನೆಯಿಂದ ಖಾಲಿ ಡಬ್ಬಿ, ಪಾಕೀಟು ತರಲು ಹೇಳಿದ್ದೆ. ಓಆರ್‌ಎಸ್ ಪಾಕೀಟು, ಕೆಮ್ಮಿನ ಔಷಧದ ಬಾಟಲಿ, ಗ್ಲೂಕೋಸ್ ಡಬ್ಬಿ ಬಂದವು. ಒಬ್ಬ ಹುಡುಗ ಅಣ್ಣನ ಪ್ರೋಟೀನ್ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಗುಂಪು ಮಾಡಿ ಒಳಗೇನಿದೆ ಎಂದು ಓದಿಸಿದೆ. ಓಆರ್‌ಎಸ್ ಪಾಕೀಟಿನ ಮೇಲೆ ಪ್ರತಿಯೊಂದು ಲವಣದ ತೂಕ ಗ್ರಾಂ ಲೆಕ್ಕದಲ್ಲಿ ಇತ್ತು. ಪ್ರೋಟೀನ್ ಡಬ್ಬಿಯ ಒಂದು ಸಾಲಿನಲ್ಲಿ ‘ವಿಶೇಷ ಮಿಶ್ರಣ’ ಎಂಬರ್ಥದ ಇಂಗ್ಲಿಷ್ ಪದಗಳಿದ್ದವು, ಅದರಲ್ಲಿ ಯಾವುದು ಎಷ್ಟು ಎಂದು ಇರಲಿಲ್ಲ. ‘ಇದರಾಗ ಏನೈತಿ ಅಂತ ಯಾರನ್ನ ಕೇಳ್ಬೇಕ್ರಿ?’ ಎಂದು ಹುಡುಗ ಕೇಳಿದ. ಕೊಟ್ಟವರನ್ನೇ ಮೊದಲು ಕೇಳು, ಅವರು ಹೇಳಲಿಲ್ಲ ಅಂದ್ರ ಕುಡಿಬ್ಯಾಡ ಅಂತ ಅಣ್ಣಗ ಹೇಳು ಎಂದೆ.

ಅಂದು ಸಂಜೆ ಮೈದಾನದ ಕಡೆಯಿಂದ ಹೊರಟಿದ್ದೆ. ಆ ಹುಡುಗಿ ನಾಲ್ಕು ಸುತ್ತು ಮುಗಿಸಿ ಬಂದು ನಿಂತಿದ್ದಳು. ಪಿ.ಟಿ. ಸರ್ ಬಾಟಲಿ ಚಾಚಿದರು. ಅವಳು ನನ್ನನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ, ‘ಸರ್, ಇದರಾಗ ಏನೈತ್ರೀ?’ ಎಂದಳು. ಅವರು ಬಾಟಲಿ ಹಿಡಿದ ಕೈ ಅಲ್ಲೇ ನಿಲ್ಲಿಸಿ ನನ್ನತ್ತ ತಿರುಗಿ, ‘ಏನ್ ಕಲಿಸಾಕತ್ತೀರಿ ಟೀಚರ್?’ ಎಂದು ನಕ್ಕರು. ಆಮೇಲೆ ಅವಳಿಗೆ ಹೇಳಿದರು: ‘ಲಿಂಬಿಹಣ್ಣು, ಸಕ್ಕರಿ, ಚೂರು ಉಪ್ಪು. ಕುಡಿ.’