ಮೂಗಿಗಿಂತ ಮೂಗುತಿ ಭಾರ

ಡಾಟ್ ಕಾಮ್ ಹೆಸರೊಂದನ್ನು ಇಟ್ಟುಕೊಳ್ಳೋಕೆ ವರ್ಷಕ್ಕೆ ಹೆಚ್ಚೂಕಮ್ಮಿ ಸಾವಿರ ರೂಪಾಯಿ ಸಾಕು. ಆ ಹೆಸರು ಯಾರದ್ದು ಅಂತ ತಕರಾರು ಬಂದರೆ ಮಾತ್ರ ಲೆಕ್ಕವೆಲ್ಲ ಡಾಲರಿನಲ್ಲಿ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ಇಂಥ ತಕರಾರಿಗೆಂದೇ 1999ರಲ್ಲಿ ಐಕ್ಯಾನ್ ಸಂಸ್ಥೆ ಯುಡಿಆರ್‌ಪಿ ಅನ್ನೋ ನಿಯಮಾವಳಿ ತಂದಿತು. ಕೋರ್ಟಿಗಿಂತ ಬೇಗ, ಕೋರ್ಟಿಗಿಂತ ಅಗ್ಗ ಅಂತ ಅದರ ಹೆಗ್ಗಳಿಕೆ. ಅಗ್ಗ ಯಾರಿಗೆ ಸ್ವಾಮಿ?

ವೈಪೊ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಐದು ಹೆಸರುಗಳವರೆಗಿನ ದೂರಿಗೆ ಒಬ್ಬ ತೀರ್ಪುಗಾರರಾದರೆ 1,500 ಡಾಲರ್, ಮೂವರಾದರೆ 4,000. ಇದನ್ನು ಕಟ್ಟೋದು ದೂರುದಾರರು. ಆದರೆ ಅವರು ಒಬ್ಬರೇ ಸಾಕು ಅಂದಾಗ, ಇಲ್ಲ, ಮೂವರು ಕೂರಲಿ ಅಂತ ಹೆಸರಿನ ಒಡೆಯ ಕೇಳಿದರೆ ಅರ್ಧ, ಅಂದರೆ 2,000 ಡಾಲರ್, ಅವನ ತಲೆ ಮೇಲೆ. ವಕೀಲರ ಫೀಸು ಬೇರೆ. ಉತ್ತರ ಕೊಡೋಕೆ ಸಿಗೋದು 20 ದಿನ.

ಫೀಸಿನಲ್ಲೂ ನಮಗೆ ಆಯ್ಕೆ ಕಮ್ಮಿ. ಅಮೆರಿಕದ ಕೋರ್ಟುಗಳು ಅಲ್ಲಿನ ಕಾನೂನಿನಂತೆ ಒಂದು ಹೆಸರಿಗೆ 1,000ದಿಂದ 1,00,000 ಡಾಲರ್‌ವರೆಗೆ ಪರಿಹಾರ ಕೊಡಿಸಬಹುದು. ಹಾಗಾಗಿ 'ಗೆದ್ದರೆ ಪಾಲು ಕೊಡಿ' ಅನ್ನೋ ವಕೀಲರು ಅಲ್ಲಿ ಸಿಕ್ಕಾರು. ನಮ್ಮ ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪಲ್ಲ. ಯುಡಿಆರ್‌ಪಿಯಲ್ಲಂತೂ ಹಂಚಿಕೊಳ್ಳೋಕೆ ದುಡ್ಡೇ ಹುಟ್ಟಲ್ಲ. ಹೆಸರು ವರ್ಗಾವಣೆ, ಇಲ್ಲವೇ ರದ್ದು, ಅಷ್ಟೆ. ಉಳಿದಿದ್ದು ಗಂಟೆ ಲೆಕ್ಕ ಅಥವಾ ಇಡಿಗಂಟು. ಗಂಟೆ ಲೆಕ್ಕಕ್ಕೆ ಒಪ್ಪಬೇಡಿ. ಇಲ್ಲಿ ಸಾಮಾನ್ಯವಾಗಿ ವಾದ, ಸಾಕ್ಷಿ ವಿಚಾರಣೆ ಏನೂ ಇರಲ್ಲ, ಎಲ್ಲ ಕಾಗದಪತ್ರದಲ್ಲೇ. ಕೆಲಸ ಎಷ್ಟು ಅಂತ ವಕೀಲರಿಗೆ ಮೊದಲೇ ಗೊತ್ತಿರುತ್ತೆ. ಉತ್ತರಕ್ಕೆಷ್ಟು, ಆಮೇಲೆ ಕೋರ್ಟಿಗೆ ಹೋದರೆ ಎಷ್ಟು, ಬರೆಸಿಕೊಳ್ಳಿ.

ನನ್ನ ಸಿಟ್ಟು ವಕೀಲರ ಮೇಲಲ್ಲ, ನಿಯಮದ ಮೇಲೆ. ದೊಡ್ಡ ಕಂಪನಿಯೊಂದು ದುರುದ್ದೇಶದಿಂದಲೇ ಹೆಸರು ಕಸಿಯಲು ನೋಡಿತು ಅಂತ ತೀರ್ಪುಗಾರರೇ ಬರೆದರೂ ಅದಕ್ಕೆ ಒಂದು ಪೈಸೆ ದಂಡವಿಲ್ಲ. ಗೆದ್ದವನಿಗೆ ಖರ್ಚೂ ವಾಪಸ್ ಬರಲ್ಲ. ಗೆದ್ದವನು ಸೋತ, ಸೋತವನು ಸತ್ತ ಅಂತ ಕೋರ್ಟಿನ ಬಗ್ಗೆ ಊರಲ್ಲಿ ಹೇಳ್ತಾರೆ. ಇಲ್ಲಿ ಸೋತ ಕಂಪನಿಗೆ ನೆಗಡಿಯೂ ಆಗಲ್ಲ!

ಕಂಪನಿಯ ಹೆಸರು ಹಿಡಿದಿಟ್ಟು ದುಡ್ಡು ಕೇಳೋರ ಕಾಟವೂ ಇದೆ, ನಿಜ. ಅಂಥವರು ತಲೆಮರೆಸಿಕೊಂಡಿರ್ತಾರೆ, ವಸೂಲಿ ಕಷ್ಟ. ಆದರೆ ಕಂಪನಿಯ ವಿಳಾಸ ದೂರಿನಲ್ಲೇ ಇದೆಯಲ್ಲ? ದೂರಿನ ಜೊತೆಗೇ ಠೇವಣಿ ಇಡಿಸಿಕೊಳ್ಳಲಿ. ದೂರು ದುರುದ್ದೇಶದ್ದು ಅಂತ ತೀರ್ಪಾದರೆ ಆ ದುಡ್ಡು ಎದುರಾಳಿಯ ವಕೀಲರ ಫೀಸಿಗೆ ಹೋಗಲಿ. ಅಲ್ಲೀವರೆಗೆ ಇದನ್ನು ಅಗ್ಗದ ನ್ಯಾಯ ಅಂತ ದಯವಿಟ್ಟು ಕರೀಬೇಡಿ.