ಮನಸ್ಸು ಭಾರವಾದಾಗ ಉಲ್ಲನ್ ಕಡ್ಡಿ

ಅಟ್ಟದ ಮೇಲೋ ಹಳೆಯ ಟ್ರಂಕಿನಲ್ಲೋ ಒಂದು ಜೊತೆ ಉಲ್ಲನ್ ಕಡ್ಡಿ ಇದ್ದೀತು, ಹುಡುಕಿ ನೋಡಿ. ನಮ್ಮ ತಾಯಂದಿರ ಕಾಲದಲ್ಲಿ ಹುಡುಗಿಯರು ಶಾಲೆ ಬಿಟ್ಟ ಮೇಲೆ ಹೊಲಿಗೆ, ಕಸೂತಿ, ಕ್ರೋಶಾ, ಸ್ವೆಟರ್ ಹೆಣಿಗೆ ಕಲಿಯುತ್ತಿದ್ದರು. ಮೊದಲ ಮಗುವಿಗೆ ಕುಲಾವಿ ಹೆಣೆದಾದ ಮೇಲೆ ಕಡ್ಡಿಗಳು ಟ್ರಂಕ್ ಸೇರುತ್ತಿದ್ದವು. ಈಗ ಅಂಗಡಿಯಲ್ಲಿ ರೆಡಿಮೇಡ್ ಸ್ವೆಟರ್ ಸಿಗುವಾಗ ಯಾರಿಗೆ ಬೇಕು ಈ ಕಷ್ಟ ಎನ್ನುತ್ತೀರಿ. ಸರಿಯೇ. ನಮ್ಮ ದುರ್ಗದ ಚಳಿಗೆ ಸ್ವೆಟರ್ ಬೇಕಾಗುವುದೂ ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ. ಆದರೆ ನಾನು ಹೇಳಹೊರಟಿರುವುದು ಸ್ವೆಟರಿನ ವಿಷಯವಲ್ಲ.

ಹೊಳಲ್ಕೆರೆಯಲ್ಲಿ ನಮಗೆ ಬೇಕಾದ ಖಾಲಾ ಒಬ್ಬರಿದ್ದಾರೆ. ಪತಿ ಹಠಾತ್ತನೆ ತೀರಿಕೊಂಡಾಗ ಅವರಿಗೆ ಐವತ್ತೆಂಟು ವರ್ಷ. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ. ಅಡುಗೆಯನ್ನು ಸೊಸೆ ಮಾಡುತ್ತಿದ್ದಳು, ಯಾವ ಕೆಲಸಕ್ಕೂ ಕೈಹಾಕಲು ಯಾರೂ ಬಿಡುತ್ತಿರಲಿಲ್ಲ. ಪ್ರೀತಿಯಿಂದಲೇ ಹಾಗೆ ಮಾಡಿದರು. ಆದರೆ ನಲವತ್ತು ವರ್ಷ ಬಿಡುವಿಲ್ಲದೆ ದುಡಿದ ಕೈಗಳು ಒಮ್ಮೆಲೇ ಖಾಲಿಯಾದರೆ ಏನಾದೀತು? ರಾತ್ರಿ ನಿದ್ದೆಯಿಲ್ಲ, ಹಗಲು ಬಾಗಿಲ ಕಡೆಗೇ ದೃಷ್ಟಿ. ಆಗ ದುರ್ಗದಿಂದ ಬಂದ ಮಗಳು ಎರಡು ಉಂಡೆ ಉಲ್ಲನ್, ಒಂದು ಜೊತೆ ಕಡ್ಡಿ ತಂದು ಅಮ್ಮಿಯ ಮಡಿಲಿಗೆ ಹಾಕಿ, “ನನ್ನ ಮಗುವಿಗೊಂದು ಟೋಪಿ ಹಾಕಿಕೊಡಿ” ಎಂದಳಂತೆ. ಇನ್ನೇನೂ ಹೇಳಲಿಲ್ಲ.

ಆ ಟೋಪಿಯನ್ನು ಖಾಲಾ ಆರು ಸಲ ಹೆಣೆದು ಆರು ಸಲ ಬಿಚ್ಚಿದರು. “ಟೋಪಿ ಮುಗಿಯುವುದು ನನಗೆ ಬೇಕಿರಲಿಲ್ಲ” ಎಂದು ಆಮೇಲೆ ನನ್ನೊಡನೆ ಹೇಳಿದರು. ಇನ್ನೂ ಒಂದು ಮಾತು ಹೇಳಿದರು. ಸಾಂತ್ವನ ಹೇಳಲು ಬಂದವರೆಲ್ಲ ಕೊನೆಯ ದಿನದ ಕಥೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಕೈಯಲ್ಲಿ ಹೆಣಿಗೆ ಇದ್ದರೆ ತಲೆ ತಗ್ಗಿಸಿ ಕುಣಿಕೆ ಎಣಿಸುತ್ತಾ ಕುಳಿತುಬಿಡಬಹುದು, ಉತ್ತರ ಕೊಡದಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ದುಃಖದಲ್ಲಿರುವ ಹೆಂಗಸಿಗೆ ಸುಮ್ಮನಿರುವ ಹಕ್ಕು ನಮ್ಮ ಮನೆಗಳಲ್ಲಿ ಎಷ್ಟು ಅಪರೂಪ ಎಂಬುದು ನನಗೆ ಹೊಳೆದದ್ದೇ ಆಗ.

ಒಂದು ಸೀದಾ, ಒಂದು ಉಲ್ಟಾ ಎಂದು ಹೆಣೆಯುವಾಗ ಎರಡು ಕೈಗೂ ಕೆಲಸ, ಕಣ್ಣಿಗೂ ಕೆಲಸ, ಎಣಿಕೆಯ ಕಡೆಗೆ ಮನಸ್ಸು. ಅದೇ ಚಿಂತೆಯನ್ನು ತಿರುವಿ ತಿರುವಿ ಹಾಕಲು ಜಾಗ ಕಡಿಮೆ. ಹಾಗೆಂದು ತಲೆ ಕೆಡಿಸುವಷ್ಟು ಕಷ್ಟದ ಕೆಲಸವೂ ಅಲ್ಲ. ತಸ್ಬೀಹ್ ಎಣಿಸುವವರಿಗೆ ಈ ಲಯ ಹೊಸದಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ ಎಂಬುದೂ ಸಣ್ಣ ಲಾಭವೇನಲ್ಲ! ಮೇಲಾಗಿ, ತಪ್ಪಿದ ಸಾಲನ್ನು ಬಿಚ್ಚಿ ಅದೇ ದಾರದಿಂದ ಮತ್ತೆ ಹೆಣೆಯಬಹುದು. ಬಾಳಿನಲ್ಲಿ ಇಂಥ ಅನುಕೂಲ ಬೇರೆಲ್ಲಿದೆ?

ಬ್ರಿಟನ್ನಿನ ಸಂಶೋಧಕರು ಜಗತ್ತಿನ ಬೇರೆ ಬೇರೆ ದೇಶಗಳ 3,545 ಹೆಣಿಗೆಗಾರರನ್ನು ಪ್ರಶ್ನಿಸಿ, ಅವರ ಉತ್ತರಗಳನ್ನು 2013ರಲ್ಲಿ ಪ್ರಕಟಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿ, ಸಂತೋಷ ಅನಿಸುತ್ತದೆ ಎಂದಿದ್ದರು. ಗುಂಪಾಗಿ ಕುಳಿತು ಹೆಣೆಯುವವರು ಇತರರೊಂದಿಗೆ ಬೆರೆಯುವುದು ಸುಲಭವಾಯಿತು ಎಂದಿದ್ದರು. ಹೆಣಿಗೆಯನ್ನು ಇಷ್ಟಪಡುವವರನ್ನೇ ಕೇಳಿದರೆ ಹೊಗಳದೆ ಇರುತ್ತಾರೆಯೇ ಎಂದು ನೀವು ಕೇಳಬಹುದು. ಆ ಅನುಮಾನ ನನಗೂ ಇದೆ. ಆದರೂ ಖಾಲಾ ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಉಣ್ಣೆ ನಮ್ಮ ಜಿಲ್ಲೆಗೆ ಹೊಸತಲ್ಲ. ಚಳ್ಳಕೆರೆಯ ಕಂಬಳಿ ಗೊತ್ತಿಲ್ಲದವರು ಯಾರು? ಕುರಿ ಸಾಕುವ ಮನೆಗಳಲ್ಲಿ ಹೆಂಗಸರು ಉಣ್ಣೆಯ ನೂಲು ತೆಗೆಯುತ್ತಿದ್ದರು, ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದರು. ಆ ಉಣ್ಣೆ ಒರಟು, ಮಗುವಿನ ಕುಲಾವಿಗೆ ಆಗದು. ಅಂಗಡಿಯಲ್ಲಿ ನಾವು ಉಲ್ಲನ್ ಎಂದು ಕೊಳ್ಳುವುದು ಹೆಚ್ಚಾಗಿ ಅಕ್ರಿಲಿಕ್ ದಾರ. ಇನ್ನು ಕಡ್ಡಿಯ ಹೆಣಿಗೆ ಇಂಗ್ಲಿಷರದ್ದು ಎಂದು ತಿಳಿದವರು ಬಹಳ. ಆದರೆ ಈಗ ಉಳಿದಿರುವ ಅತಿ ಹಳೆಯ ಹೆಣಿಗೆಯ ತುಣುಕುಗಳಲ್ಲಿ ಹಲವು ಈಜಿಪ್ಟಿನಲ್ಲಿ ಸಿಕ್ಕ, 11ರಿಂದ 14ನೇ ಶತಮಾನದ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳು!

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮನೆಯ ಮಾತನ್ನೂ ಹೇಳಲೇಬೇಕು. ಹಿರಿಯೂರಿನ ಒಬ್ಬಾಕೆ ಚೊಚ್ಚಲ ಹೆರಿಗೆಯ ನಂತರ ಮಂಕಾದಳು. ಮಗು ಅತ್ತರೂ ಎತ್ತಿಕೊಳ್ಳಳು, ಊಟ ಬೇಡ, ಸುಮ್ಮನೆ ಕಣ್ಣೀರು. “ಕೈಗೆ ಕೆಲಸವಿಲ್ಲದೆ ಹೀಗೆ” ಎಂದು ಅತ್ತೆ ಉಲ್ಲನ್ ತರಿಸಿಕೊಟ್ಟರು. ಅವಳು ಒಂದು ಸಾಲನ್ನೂ ಹೆಣೆಯಲಿಲ್ಲ. ಸೋಮಾರಿ ಎಂಬ ಹೆಸರು ಬಂತು. ಮೂರು ತಿಂಗಳು ಹೀಗೇ ಕಳೆಯಿತು. ಕೊನೆಗೆ ಹೊಸದುರ್ಗದ ತವರಿನಿಂದ ಬಂದ ಅಕ್ಕ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅದು ಬಾಣಂತಿಯರಿಗೆ ಬರುವ ಖಿನ್ನತೆ, ಚಿಕಿತ್ಸೆ ಇರುವ ಕಾಯಿಲೆ. ಔಷಧಿಯಿಂದ, ಮನೆಯವರ ಆರೈಕೆಯಿಂದ ಅವಳು ನಿಧಾನವಾಗಿ ಚೇತರಿಸಿಕೊಂಡಳು. ಉಲ್ಲನ್ ತಂದ ಅತ್ತೆ ಕೆಟ್ಟವರಲ್ಲ. ಆದರೆ ದಾರ ಹಿಡಿಯುವ ಶಕ್ತಿಯೂ ಉಳಿಯದಂಥ ದುಃಖ ಇರುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕು ಸಾಕು ಎಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ಕಾಯಬೇಡಿ. ಜನ ಏನೆಂದಾರು ಎಂಬ ಅಂಜಿಕೆ ಇದ್ದರೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್‌ಗೆ, 14416 ಸಂಖ್ಯೆಗೆ, ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತಾಡಬಹುದು.

ಹೊಸದಾಗಿ ಶುರುಮಾಡುವವರು 8ನೇ ನಂಬರಿನ ಕಡ್ಡಿ ಕೊಳ್ಳಿ. ನಂಬರು ಕಡಿಮೆಯಾದಷ್ಟೂ ಕಡ್ಡಿ ದಪ್ಪ. ಕಪ್ಪು ದಾರ ಬೇಡ, ದೀಪದ ಬೆಳಕಿನಲ್ಲಿ ಕುಣಿಕೆ ಕಾಣುವುದಿಲ್ಲ. ಬೆರಳು, ಮಣಿಕಟ್ಟು ನೋಯತೊಡಗಿದರೆ ಎತ್ತಿಡಿ. ಇನ್ನೊಂದು ವಿಷಯ: ಚೆನ್ನಾಗಿ ಹೆಣೆಯುತ್ತೀರಿ ಎಂದು ತಿಳಿದ ಕೂಡಲೇ ನೆಂಟರೆಲ್ಲ “ನನಗೊಂದು, ನನ್ನ ಮಗನಿಗೊಂದು” ಎನ್ನುತ್ತಾರೆ. ನೆಮ್ಮದಿಗೆಂದು ಹಿಡಿದ ಕಡ್ಡಿ ಆಗ ಇನ್ನೊಂದು ಮನೆಗೆಲಸವಾಗುತ್ತದೆ. ಒಂದಿಬ್ಬರಿಗೆ ಇಲ್ಲ ಎನ್ನಲು ಕಲಿಯಿರಿ.

ಖಾಲಾ ಹೆಣೆದ ಟೋಪಿ ಕೊನೆಗೂ ಮುಗಿಯಿತು. ಅಷ್ಟರಲ್ಲಿ ಮೊಮ್ಮಗನ ತಲೆಗೆ ಅದು ಚಿಕ್ಕದಾಗಿತ್ತು. ಈಗ ಅಸರ್ ನಮಾಝ್ ಆದ ಮೇಲೆ ಪಕ್ಕದ ಮನೆಯ ಇಬ್ಬರು ಹುಡುಗಿಯರು ಬಂದು ಅವರ ಬಳಿ ಹೆಣಿಗೆ ಕಲಿಯುತ್ತಾರೆ. ಚಹಾ ಮಾಡುವುದು ಖಾಲಾರೇ.